ಹಸಿರು ಹೋದ ಮೇಲೆ

ಹೋದ ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ… ಹಾಗಂತ ಶುರುವಾಗುತ್ತೆ ಅಕ್ಕ, ಈ ಹೇಳಿಕೆ. ಒಂದೇ ಪುಟ. ಬರೆದದ್ದು ನಮ್ಮ ಪ್ರಯೋಗಾಲಯದ ಸರ್, ನಾನಲ್ಲ. ನಾನು ತಂದವನು ಅಷ್ಟೆ. ನಾಲ್ಕು ಗಂಟೆಗೆ ತನಿಖಾ ಸಮಿತಿ ಕೂರುತ್ತೆ. ಅಷ್ಟರಲ್ಲಿ ಕೆಳಗೆ ನಿಮ್ಮ ಸಹಿ ಬೇಕಂತೆ.

ಇಲ್ಲ ಇಲ್ಲ, ಕೆಲಸ ನಿಲ್ಲಿಸಬೇಡಿ. ಮಾಡಿ. ಹರಳು ಹೊರಗಿದೆ, ಮುಖಕ್ಕೆ ಬಟ್ಟೆ ಕಟ್ಟಿದ್ದೀರಿ, ಈಗ ನೀವು ಮಾತಾಡಲ್ಲ ಅಂತ ಗೊತ್ತು. ಐದು ವರ್ಷದಿಂದ ನೋಡ್ತಿಲ್ವಾ? ಉಸಿರಿನ ತೇವ ಬಿದ್ದರೆ ಹರಳಿನ ಮುಖ ಮಂಜಾಗುತ್ತೆ. ಅದು ಡಬ್ಬಿ ಸೇರೋವರೆಗೂ ಪಾಲಿಶ್ ಕೋಣೆಯ ಅಕ್ಕ ಮೂಕಿ. ಮೊದಲ ದಿನ ನಾನು ಬಾಗಿಲಲ್ಲಿ ನಿಂತು ಮೂರು ಸಲ ನಮಸ್ಕಾರ ಅಂದೆ, ನೀವು ತಿರುಗಿಯೂ ನೋಡಲಿಲ್ಲ. ಎಂಥಾ ಜಂಬದ ಹೆಂಗಸಪ್ಪಾ ಅಂದುಕೊಂಡಿದ್ದೆ… ನಗ್ತಿದ್ದೀರಾ? ಬಟ್ಟೆ ಅಲ್ಲಾಡಿತು. ನಗಲಿಲ್ವಾ? ಸರಿ.

ನಾನಿಲ್ಲೇ ಬಾಗಿಲ ಹತ್ತಿರ ನಿಲ್ತೀನಿ. ನನ್ನ ಉಸಿರು ಅಲ್ಲಿಗೆ ಬರಲ್ಲ. ನೀವು ಕೇಳಿಸಿಕೊಂಡರೆ ಸಾಕು.

ಥೂ, ಕೈಯೆಲ್ಲ ಅಂಟು ಅಂಟು. ಸಮಿತಿ ಕೋಣೆಯ ಮೇಜು ಹಾಗಿದೆ. ಯಾರೋ ಬಿಸ್ಕತ್ತು ಅದ್ದಿ ತಿಂದು ಹಾಗೇ ಬಿಟ್ಟಿದ್ದಾರೆ. ಅದರ ಮೇಲೇ ನಿಮ್ಮ ಕಣ್ಣಿನ ವರದಿ ಇಟ್ಟುಕೊಂಡು ಓದ್ತಾರೆ. ಕಣ್ಣಿನ ಒಳಪರದೆಯ ಚಿತ್ರ ಇದೆಯಲ್ಲ, ಕಿತ್ತಳೆ ಬಣ್ಣದ್ದು, ನಡುವೆ ಬಿಳಿ ಚುಕ್ಕೆ… ಅದರ ಮೂಲೆಗೆ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿತ್ತು. ಒಬ್ಬರು ಉಗುರಿನಲ್ಲಿ ಕೆರೆದು ತೆಗೆದರು. ಕೆರೆದು!

ಆಮೇಲೆ ನಮ್ಮ ಟೇಪು. ಸುರಕ್ಷತಾ ಅಧಿಕಾರಿ. ನೀವೇ ಇಟ್ಟ ಹೆಸರು, ಈಗ ಇಡೀ ಕಟ್ಟಡ ಹಾಗೇ ಕರೆಯುತ್ತೆ. ಅಳತೆಪಟ್ಟಿ ಹಿಡಿದು ಬಂದರು. ಲೇಸರ್ ಮೇಜಿನ ಉದ್ದ ಅಳೆದರು. ಅಗಲ ಅಳೆದರು. ಬಾಗಿಲಿಗೂ ಮೇಜಿಗೂ ಎಷ್ಟು ದೂರ ಅಂತ ಅಳೆದರು. ಎಲ್ಲ ಬರೆದುಕೊಂಡು ಕೊನೆಗೆ ನನ್ನನ್ನ ಕೇಳ್ತಾರೆ: "ಬೆಳಕು ಆರಿತ್ತು ಅಂತೀಯಲ್ಲಪ್ಪ. ಆರಿದ ಬೆಳಕು ಕಣ್ಣು ಸುಡೋದು ಹೇಗೆ?"

ಹೇಗೆ ಅಂತ ಹೇಳಲಿ ಅಕ್ಕ ಆ ಮನುಷ್ಯನಿಗೆ? ಹದಿನಾರು ವರ್ಷದಿಂದ ಸುರಕ್ಷತೆಗೆ ಇದ್ದಾರಂತೆ. ಹಸಿರು ಲೇಸರ್ ಅಂದರೆ ಹಸಿರು ಲೇಸರ್, ಅಷ್ಟೇ ಅವರಿಗೆ. ನಾನು ಹೇಳಿದೆ, ಸಾರ್, ನಮ್ಮ ಲೇಸರಿನಿಂದ ಹೊರಡೋ ಬೆಳಕು ಕಣ್ಣಿಗೆ ಕಾಣಲ್ಲ, ಕೆಂಪಿಗಿಂತ ಆಚೆಯದು. ಅದು ಅಕ್ಕ ಉಜ್ಜಿದ ಹರಳಿನೊಳಗೆ ಹೋಗುತ್ತೆ. ಅಲ್ಲಿ ಎರಡು ಎಳೆ ಸೇರಿ ಒಂದು ಹುರಿ ಆದ ಹಾಗೆ, ಎರಡೆರಡು ಬೆಳಕಿನ ಕಣ ಸೇರಿ ಒಂದೊಂದು ಹಸಿರು ಕಣ ಆಗುತ್ತೆ. ಎಲ್ಲವೂ ಅಲ್ಲ, ಅರ್ಧದಷ್ಟು. ಮಿಕ್ಕದ್ದು ಕಾಣದೆ ಹಾಗೇ ಹೋಗುತ್ತೆ. "ಹಾಗಾದರೆ ಗಾಜಿನಲ್ಲಿ ಯಾಕೆ ಆಗಲ್ಲ?" ಅಂದರು. ಗಾಜಿನ ಸ್ವಭಾವವೇ ಬೇರೆ ಸಾರ್. ಗಾಜಿಗೆ ಎರಡರಷ್ಟು ಕೊಟ್ಟರೆ ಎರಡರಷ್ಟೇ ಹೊರಗೆ ಬರುತ್ತೆ, ಅದೇ ಬಣ್ಣ. ನಮ್ಮ ಹರಳಿಗೆ ಎರಡರಷ್ಟು ಕೊಟ್ಟರೆ ಹಸಿರು ನಾಲ್ಕರಷ್ಟು. ಮೂರರಷ್ಟು ಕೊಟ್ಟರೆ ಒಂಬತ್ತರಷ್ಟು. ತೀರ ಜೋರು ಮಾಡೋವರೆಗೂ ಹಾಗೇ ಏರುತ್ತೆ.

ಬರೆದುಕೊಂಡರು. ಏನು ಬರೆದುಕೊಂಡರು ಗೊತ್ತಾ? "ಹರಳು ಗಾಜಲ್ಲ."

ನಕ್ಕಿರಿ! ಈ ಸಲ ನೋಡಿದೆ. ಭುಜ ಅಲ್ಲಾಡಿತು.

ಅವರಿಗೆ ನಾನು ಹೇಳದೆ ಬಿಟ್ಟದ್ದು ಒಂದಿದೆ. ನಿಮಗೆ ಗೊತ್ತಿರೋದೇ. ಹರಳನ್ನ ಒಂದು ಕೂದಲೆಳೆಯಷ್ಟು ಓರೆ ಮಾಡಿದರೆ ಆ ಜೋಡಣೆ ತಪ್ಪಿಹೋಗುತ್ತೆ, ಹಸಿರು ಸತ್ತುಹೋಗುತ್ತೆ. ಬೆಳಕು ಸಾಯಲ್ಲ. ಹಸಿರಾಗೋದು ಬಿಡುತ್ತೆ, ಹೋಗೋದು ಬಿಡಲ್ಲ. ಅರ್ಧ ಹಸಿರಾಗಿ ಖರ್ಚಾಗ್ತಿತ್ತಲ್ಲ, ಆ ಅರ್ಧವೂ ಸೇರಿ ಪೂರ್ತಿ ಹೋಗುತ್ತೆ. ಕೋಣೆ ಕತ್ತಲೆಯಾದಾಗಲೇ ಅದು ಪೂರ್ತಿ. ನೋಡೋರಿಗೆ ಆರಿದ ಹಾಗೆ. ಥೂ, ಎಂಥಾ ಹೊಲಸು ಬುದ್ಧಿ ಆ ಬೆಳಕಿಗೆ!

ಬೆಳಕಿಗೆ ಬುದ್ಧಿ ಇಲ್ಲ ಅಂತ ತಲೆ ಆಡಿಸ್ತೀರಿ. ಗೊತ್ತು. ಮಾತಿಗೆ ಹೇಳಿದೆ.

ಓದ್ತೀನಿ, ಕೇಳಿ. "ಹೋದ ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸಂಶೋಧನಾ ವಿದ್ಯಾರ್ಥಿಯು ಹರಳನ್ನು ಎರಡು ಡಿಗ್ರಿ ತಿರುಗಿಸಿ ಹಸಿರು ಬೆಳಕನ್ನು ನಿಲ್ಲಿಸಿದನು. ಹರಳಿನ ಬಿಸಿ ಇಳಿಯದಂತೆ ಲೇಸರನ್ನು ಚಾಲನೆಯಲ್ಲೇ ಇಡುವುದು ಪ್ರಯೋಗಾಲಯದ ವಾಡಿಕೆ." ಇದು ನಿಜ ತಾನೆ? ಲೇಸರ್ ನಿಲ್ಲಿಸಿದರೆ ಹರಳು ತಣ್ಣಗಾಗುತ್ತೆ, ಮತ್ತೆ ಹದಕ್ಕೆ ಬರೋಕೆ ನಲವತ್ತು ನಿಮಿಷ. ಸರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಾರೆ. ಅದಕ್ಕೇ ಎಲ್ಲರೂ ಹಾಗೇ ಮಾಡ್ತೀವಿ. ಓರೆ ಮಾಡೋದು, ಹರಳಿನ ಹಿಂದೆ ಕರಿ ತಗಡು ನಿಲ್ಲಿಸೋದು. ತಗಡು ಆ ಕಾಣದ ಬೆಳಕನ್ನ ನುಂಗಿಕೊಳ್ಳುತ್ತೆ. ತಗಡು ಹಾಕಿದವನು "ಹಾಕಿದೆ" ಅಂತಾನೆ, ಆಮೇಲೆ ಮಿಕ್ಕವರು ಕನ್ನಡಕ ತೆಗೀತಾರೆ. ಆ ದಪ್ಪ ಕನ್ನಡಕದಲ್ಲಿ ನಿಮಗೆ ಹರಳಿನ ಮುಖ ಕಾಣಲ್ಲ, ತೆಗೆಯಲೇಬೇಕು. ಹೊಸ ಹರಳು ನೋಡಿ ಹೇಳಿ ಅಂತ ಕರೆದವನೂ ನಾನೇ. ಸರಿ, ಅದೆಲ್ಲ ಸರಿ.

ಮುಂದೆ… "ಕರಿ ತಗಡು ಸ್ವಸ್ಥಾನದಲ್ಲಿತ್ತು. ಹರಳು ಉಜ್ಜುವ ಕೆಲಸಗಾರ್ತಿಯು ಹೊಸ ಹರಳಿನ ಡಬ್ಬಿ ಇಡಲು ಜಾಗ ಮಾಡಿಕೊಳ್ಳುವಾಗ, ಅರಿವಿಲ್ಲದೆ, ಸದರಿ ತಗಡನ್ನು ಪಕ್ಕಕ್ಕೆ ಸರಿಸಿರುವುದು ಕಂಡುಬರುತ್ತದೆ."

…ಉಜ್ಜೋ ಚಕ್ರ ಯಾಕೆ ನಿಲ್ಲಿಸಿದಿರಿ?

"ಅರಿವಿಲ್ಲದೆ" ಅಂತ ಇದೆ ಅಕ್ಕ. ಬೇಕಂತ ಅಲ್ಲ. ಅರಿವಿಲ್ಲದೆ. ಕೈ ಅಭ್ಯಾಸ. ಎಲ್ಲ ಕಡೆ ಚೊಕ್ಕ ಮಾಡಿ ಜಾಗ ಮಾಡಿಕೊಳ್ಳೋದು ನಿಮ್ಮ ಅಭ್ಯಾಸ, ಅಲ್ವಾ? ನೆನಪಿರಲ್ಲ. ಯಾರಿಗೂ ನೆನಪಿರಲ್ಲ. ಅಷ್ಟು ಗಾಬರಿಯಲ್ಲಿ…

ಗಾಬರಿ ನೀವು ಪಡಲಿಲ್ಲ, ನಿಜ. "ಕಣ್ಣೊಳಗೆ ಏನೋ ಟಪ್ ಅಂತು ಕಣೋ" ಅಂದಿರಿ. ಅಷ್ಟೇ. ಚಿಮಟವನ್ನ ಮೆಲ್ಲಗೆ ಕೆಳಗಿಟ್ಟಿರಿ. ಹರಳು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಿರಿ. ಆಮೇಲೆ ಕೂತಿರಿ. ನಾನು ಕೂಗಾಡಿದ್ದು.

ಸಹಿ ಮಾಡಿದರೆ ಏನಾಗುತ್ತೆ ಅಂತ ಕೇಳಿದೆ. ಸರ್‌ನ ಕೇಳಿದೆ. ಅವರು ಕೈಗೆ ಕೆನೆ ತಿಕ್ಕಿಕೊಳ್ತಾ ಇದ್ದರು, ಆ ಗುಲಾಬಿ ವಾಸನೆಯದ್ದು, ಬೆರಳ ಸಂದಿಗೆಲ್ಲ… ನೋಡಿದರೆ ಮೈ ಜುಮ್ಮೆನ್ನುತ್ತೆ. "ಏನೂ ಆಗಲ್ಲ, ಉಗ್ರಾಣಕ್ಕೆ ಕಳಿಸ್ತಾರೆ, ಆರಾಮಾಗಿ ಕೂತಿರಬಹುದು" ಅಂದರು. ಉಗ್ರಾಣ! ಹತ್ತೊಂಬತ್ತು ವರ್ಷ ಹರಳು ಉಜ್ಜಿದ ಕೈಗೆ ಪೊರಕೆ, ಬಕೆಟ್ಟು, ಬಲ್ಬು ಎಣಿಸೋ ಕೆಲಸ. ನಿಮಗೆ ಈ ಕೋಣೆ ಇರಲ್ಲ. ಈ ಚಕ್ರ ಇರಲ್ಲ. ಯಂತ್ರ ಉಜ್ಜಿದ ಹರಳಿನ ಮುಖವನ್ನ ನೀವು ಭೂತಗನ್ನಡಿ ಹಿಡಿದು ನೋಡಿ, ಒಂದು ಗೀರು ಉಳಿದಿದ್ದರೂ "ಇನ್ನೂ ಅಳ್ತಾ ಇದೆ" ಅಂತಿದ್ದಿರಿ, ಇಲ್ಲಿ ತಂದು ಮತ್ತೆ ಉಜ್ಜುತ್ತಿದ್ದಿರಿ… ಎಡಗಣ್ಣಲ್ಲೇ ನೋಡ್ತಿದ್ದಿರಿ. ಯಾವಾಗಲೂ ಎಡಗಣ್ಣು.

ಹಾಗೆ ಓರೆಯಾಗಿ ನೋಡಬೇಡಿ ಅಕ್ಕ. ಗೊತ್ತು, ನೇರ ನೋಡಿದರೆ ನಡುವೆ ಕಪ್ಪು ಅಂತ ಡಾಕ್ಟರು ಬರೆದಿದ್ದಾರೆ. ಆದರೂ ಬೇಡ.

ಸಹಿ ಮಾಡದೆ ಇದ್ದರೆ? ಅದನ್ನೂ ಕೇಳಿದೆ. ಆಗ ತಗಡು ಹಾಕಬೇಕಾದವನು ಯಾರು ಅಂತ ಬರುತ್ತೆ. ಹರಳು ತಿರುಗಿಸಿದವನು. ನಾನು. ಐದು ವರ್ಷದ ಕೆಲಸ ಹೋಯ್ತು, ಪ್ರಬಂಧ ಹೋಯ್ತು, ಇನ್ಯಾವ ಪ್ರಯೋಗಾಲಯವೂ ಒಳಗೆ ಸೇರಿಸಲ್ಲ. ಸರ್ ಇದನ್ನೆಲ್ಲ ಯೋಚಿಸಿಯೇ ಬರೆದಿದ್ದಾರೆ. ಒಳ್ಳೆ ಮನಸ್ಸಿನಿಂದಲೇ… ಒಳ್ಳೆ ಮನಸ್ಸು! ನನ್ನ ಬಾಯಲ್ಲಿ ಏನು ಬರ್ತಿದೆ ನೋಡಿ. ಬೆಳಿಗ್ಗೆಯಿಂದ ಹಲ್ಲು ಎರಡು ಸಲ ಉಜ್ಜಿದೆ, ಬಾಯಿಯ ಕಹಿ ಹೋಗ್ತಿಲ್ಲ.

ಬೇಗ ಮಾಡಿ. ಮೂರೂವರೆ ಆಗ್ತಾ ಬಂತು. ಕೊಡ್ತೀನಿ, ನೀವೇ ಓದಿ. ಕೈಯಲ್ಲಿ ಎಣ್ಣೆ ಇದ್ದರೆ ಇರಲಿ, ಪರವಾಗಿಲ್ಲ. ಈ ಕಾಗದಕ್ಕಿಂತ ಎಣ್ಣೆಯೇ ಚೊಕ್ಕ.

ಎಲ್ಲಿ ಬೆರಳಿಟ್ಟಿರಿ? ಮೊದಲ ಸಾಲಾ? ಅಲ್ಲಿ ಏನಿದೆ, ಬರೀ ಗಂಟೆ. ಮೂರು ಗಂಟೆ ಹತ್ತು ನಿಮಿಷ. ಯಾಕೆ, ತಪ್ಪಾ? ಸರಿಯಾಗೇ ಇದೆ, ಗಡಿಯಾರ ನೋಡಿಯೇ…

ಯಾರು ನೋಡಿದ್ದು ಅಂತಾನಾ?

…ಸರ್ ಇರಲಿಲ್ಲ, ಹೌದು. ಸರ್ ಆಗ ಕೋಣೆಯಲ್ಲೇ ಇರಲಿಲ್ಲ. ಸರ್ ಯಾವತ್ತೂ ನಿಮಿಷ ಬರೆಯಲ್ಲ, ಅದೂ ಹೌದು. "ಮಧ್ಯಾಹ್ನದ ಸುಮಾರಿಗೆ" ಅಂತಾರೆ. ಎಲ್ಲದಕ್ಕೂ ಗಂಟೆ, ನಿಮಿಷ, ಡಿಗ್ರಿ ಹಾಕೋನು ನಾನು. ನಿಮಿಷ ಬಿಟ್ಟರೆ ನನಗೆ ತಡೆಯಲ್ಲ. ನನಗೆ ನೀವು "ಸೊನ್ನೆ" ಅಂತ ಹೆಸರಿಟ್ಟಿದ್ದೂ ಅದಕ್ಕೇ ತಾನೆ? ಯಾವ ಅಳತೆಗೂ ಮೊದಲು ತಗಡು ಹಾಕಿ, ಬೆಳಕು ಅಳೆಯೋ ಮೀಟರ್ ಸೊನ್ನೆ ತೋರಿಸೋದನ್ನ ನೋಡದೆ ಮುಂದೆ ಹೋಗಲ್ಲ ಅಂತ. "ಏ ಸೊನ್ನೆ, ಊಟಕ್ಕೆ ಮೊದಲೂ ತಟ್ಟೆ ಖಾಲಿ ಇದೆಯಾ ಅಂತ ನೋಡ್ತೀಯೇನೋ" ಅಂತಿದ್ದಿರಿ…

ಆಯ್ತು. ಬರೆದದ್ದು ನಾನು. ಸರ್ "ನೀನೇ ಚೆನ್ನಾಗಿ ಬರಿ" ಅಂದರು ಅಷ್ಟೆ. "ಅರಿವಿಲ್ಲದೆ" ಅನ್ನೋ ಪದ ಹಾಕಿದ್ದೂ ನಾನೇ. ಹಾಕಿ, ಎಷ್ಟು ದೊಡ್ಡ ಮನಸ್ಸು ನನ್ನದು ಅಂತ ಅಂದುಕೊಂಡೆ. ಛೀ.

ಆದರೆ ತಗಡು ಡಬ್ಬಿಯ ಪಕ್ಕದಲ್ಲೇ ಬಿದ್ದಿತ್ತು ಅಕ್ಕ. ಟೇಪು ಅದರ ಫೋಟೊ ತೆಗೆದಿದ್ದಾರೆ. ಡಬ್ಬಿಯಿಂದ ಒಂಬತ್ತು ಸೆಂಟಿಮೀಟರ್ ಅಂತ ಅಳೆದಿದ್ದಾರೆ. ಅದಂತೂ ಸುಳ್ಳಲ್ಲ…

ಏನು ಮಾಡ್ತಿದ್ದೀರಿ? ಹರಳು ಡಬ್ಬಿಗೆ ಹಾಕ್ತಿದ್ದೀರಾ? ಉಜ್ಜಿ ಮುಗಿಯಲಿಲ್ವಲ್ಲ.

ಮುಚ್ಚಳ ಮುಚ್ಚಿದಿರಿ.

ಮುಖದ ಬಟ್ಟೆಯನ್ನೂ ಬಿಚ್ಚಿದಿರಿ. ಸರಿ… ಈಗ ಮಾತಾಡಬಹುದು. ಮಾತಾಡಿ. ಬೈಯಿರಿ. "ಲೋ ಸೊನ್ನೆ" ಅನ್ನಿ. ಏನಾದರೂ ಅನ್ನಿ ಅಕ್ಕ.

ಡ್ರಾಯರಿನಿಂದ ಏನು ತೆಗೀತಿದ್ದೀರಿ?

ಇದು… ಎಲ್ಲಿ ಸಿಕ್ತು ನಿಮಗೆ? ಬುಧವಾರ ಡಬ್ಬಿ ತಗೊಂಡು ಹೋಗೋಕೆ ಬಂದಿದ್ದಿರಲ್ಲ, ಆಗ ತಂದಿರಾ? ಹೊಸ ತಗಡು ಕೊಡಿ ಅಂತ ಉಗ್ರಾಣಕ್ಕೆ ಚೀಟಿ ಕಳಿಸಿದ್ದೆ ನಾನು. ಎಲ್ಲೋ ಹೋಯ್ತು, ಪೀಡೆ ಹೋಯ್ತು ಅಂದುಕೊಂಡಿದ್ದೆ.

ಒರೆಸಿಲ್ಲ ನೀವು. ಪಾಲಿಶ್ ಕೋಣೆಯಲ್ಲಿ ಒಂದು ಬೆರಳಿನ ಗುರುತು ಬಿಟ್ಟರೆ ನಿದ್ದೆ ಬರದವರು ನೀವು. ಇದನ್ನ ಐದು ದಿನ ಹಾಗೇ ಇಟ್ಟಿದ್ದೀರಿ. ಉಂಗುರ… ಕಾಫಿ ಲೋಟದ ಉಂಗುರ, ಸಕ್ಕರೆ ಇನ್ನೂ ಅಂಟು ಹಿಡಿದಿದೆ. ಮೇಲೆ ಒಂದು ಸಣ್ಣ ಇರುವೆ ಸತ್ತು ಅಂಟಿಕೊಂಡಿದೆ. ಥೂ. ಥೂ. ತೆಗೀರಿ ಅದನ್ನ ಆ ಕಡೆ.

ನೀವು ಕಾಫಿ ಕುಡಿಯಲ್ಲ. ಲೇಸರ್ ಕೋಣೆಯಲ್ಲಿ ನೀರೂ ಕುಡಿಯಲ್ಲ. ಸರ್ ಸಕ್ಕರೆ ಹಾಕಿಕೊಳ್ಳಲ್ಲ. ಅಲ್ಲಿ ನಾಲ್ಕು ಚಮಚ ಹಾಕಿಕೊಳ್ಳೋನು ಒಬ್ಬನೇ.

ಮೇಜಿನ ಮೇಲೆ ಕಲೆಯಾದರೆ ಸರ್ ಕೂಗ್ತಾರೆ ಅಂತ… ಕಂಪ್ಯೂಟರ್ ಹತ್ತಿರ, ಲೋಟದ ಅಡಿಗೆ… ಎಷ್ಟೋ ದಿನದಿಂದ ಹಾಗೇ ಮಾಡ್ತಿದ್ದೆ. ಬೇಕಾದಾಗ ಎತ್ತಿ ಹಾಕ್ತಿದ್ದೆ, ಮತ್ತೆ ಲೋಟದ ಅಡಿಗೆ ಇಡ್ತಿದ್ದೆ. ನಾಲ್ಕು ಹೆಜ್ಜೆ ಅಕ್ಕ. ಹರಳಿನಿಂದ ಕಂಪ್ಯೂಟರಿಗೆ ನಾಲ್ಕು ಹೆಜ್ಜೆ. ಲೋಟ ತುಂಬಿತ್ತು, ಎತ್ತಿದರೆ ಚೆಲ್ಲುತ್ತೆ, ಎರಡು ಗುಟುಕು ಕುಡಿದು ಎತ್ತೋಣ ಅಂದುಕೊಂಡೆ. ಅಷ್ಟರಲ್ಲಿ ನೀವು ಆ ತುದಿಯಿಂದ "ಹಾಕಿದೆಯೇನೋ?" ಅಂದಿರಿ.

ಹಾಕಿದೆ ಅಂದೆ.

ಹಾಕಿದೆ ಅಕ್ಕ, ಕನ್ನಡಕ ತೆಗೀಬಹುದು, ಅಂದೆ. ಹಾಕ್ತೀನಲ್ಲ, ಈಗ ಹಾಕ್ತೀನಲ್ಲ ಅಂತ. ನೀವು ತಿರುಗಿಯೂ ನೋಡಲಿಲ್ಲ. ಸೊನ್ನೆ ಹೇಳಿದ ಮೇಲೆ ಆಯ್ತು ಅಂತ ತೆಗೆದಿರಿ. ನಾನು ಕೂತೆ. ಪರದೆ ನೋಡಿದೆ. ಹಸಿರು ಹೋಗಿತ್ತು, ಕಾಣದ ಬೆಳಕಿನ ಗೆರೆ ಪೂರ್ತಿ ಮೇಲೇರಿ ಅಲ್ಲಾಡದೆ ನಿಂತಿತ್ತು. ಅಷ್ಟು ನೇರ ಗೆರೆ ನನಗೆ ಮೂರು ತಿಂಗಳಿಂದ ಸಿಕ್ಕಿರಲಿಲ್ಲ. ಎಷ್ಟು ಚೆನ್ನಾಗಿದೆ ಅಂತ ನೋಡ್ತಾ ಕಾಫಿ ಕುಡಿದೆ. ಆ ಗೆರೆ ಇದೆ ಅಂದರೆ ತಗಡು ಇಲ್ಲ ಅಂತ ಅರ್ಥ. ಮೊದಲ ವರ್ಷದ ಹುಡುಗರಿಗೆ ನಾನೇ ಹೇಳಿಕೊಡೋ ಪಾಠ. ನೋಡ್ತಾ, ಗುಟುಕು ಗುಟುಕಾಗಿ ಕುಡಿದೆ.

ನಿಮಗೆ ನೀರು ತರ್ತೀನಿ ಅಂತ ಹೊರಗೆ ಓಡಿದೆನಲ್ಲ… ವಾಪಸ್ ಬಂದಾಗ ನೀವು ಕಣ್ಣು ಮುಚ್ಚಿ ಕೂತಿದ್ದಿರಿ. ಆಗ ತಗಡನ್ನ ಡಬ್ಬಿಯ ಪಕ್ಕಕ್ಕೆ ಇಟ್ಟೆ. ಸದ್ದಾಗದ ಹಾಗೆ. ಒಂದು ಕೈಯಲ್ಲಿ ನಿಮ್ಮ ನೀರಿನ ಲೋಟ, ಇನ್ನೊಂದರಲ್ಲಿ ಅದು.

ಎರಡರಷ್ಟು ಸುಳ್ಳಿಗೆ ನಾಲ್ಕರಷ್ಟು ಹೊಲಸು. ಆ ಲೆಕ್ಕ ನಮ್ಮ ಹರಳಿಗೆ ಮಾತ್ರ ಅಂದುಕೊಂಡಿದ್ದೆ.

ಬುಧವಾರದಿಂದ ಗೊತ್ತಿತ್ತು ನಿಮಗೆ. ಗುರುವಾರ ನಾನು ಬಂದು ಕಣ್ಣು ಹೇಗಿದೆ ಅಂತ ಕೇಳಿದೆ, ಹಣ್ಣು ತಂದಿದ್ದೆ. ತಗೊಂಡಿರಿ. ತೊಳೆದು ಹೆಚ್ಚಿ ನನಗೇ ಕೊಟ್ಟಿರಿ. ತಿಂದೆ ನಾನು! ಇಲ್ಲೇ, ಈ ಸ್ಟೂಲ್ ಮೇಲೆ ಕೂತು ತಿಂದೆ.

ಈಗಲಾದರೂ ಮಾತಾಡಿ. ಹರಳು ಡಬ್ಬಿಯಲ್ಲಿದೆ. ಬಟ್ಟೆ ಬಿಚ್ಚಿದ್ದೀರಿ.

ಬಲಗಣ್ಣು ಯಾಕೆ ಕೈಯಿಂದ ಮುಚ್ಚಿಕೊಂಡಿರಿ?

ಬೇಡ ಅಕ್ಕ. ಆ ಎಡಗಣ್ಣಲ್ಲಿ ನನ್ನನ್ನ ನೋಡಬೇಡಿ. ಅದರಲ್ಲಿ ನನಗೆ ಕಿವಿ ಇರುತ್ತೆ, ಕೂದಲಿರುತ್ತೆ, ಅಂಗಿಯ ಕಾಲರ್ ಇರುತ್ತೆ. ಮುಖ ಇರಲ್ಲ. ಡಾಕ್ಟರು ಹೇಳಿದ್ದು ಕೇಳಿದ್ದೀನಿ, ಎದುರಿಗೆ ಯಾರೇ ನಿಂತರೂ ಮುಖದ ಜಾಗ ಖಾಲಿ ಅಂತ… ಕೈ ತೆಗೀರಿ. ದಯವಿಟ್ಟು.

ಹಾಗೇ ಇರ್ತೀರಾ? ಸರಿ. ಹಾಗೇ ಇರಿ. ಹಾಗಿದ್ದರೇ ಹೇಳೋದು ಸುಲಭ.

ಮೀಟರ್ ಆ ದಿನ ಏನನ್ನೂ ದಾಖಲು ಮಾಡ್ತಿರಲಿಲ್ಲ ಅಂತ ಸಮಿತಿಗೆ ಹೇಳಿದ್ದೆ. ಮಾಡ್ತಿತ್ತು. ಆ ಕಡತದ ಪೆನ್‌ಡ್ರೈವ್ ನನ್ನ ಜೇಬಿನಲ್ಲಿದೆ. ಆರು ದಿನದಲ್ಲಿ ಹನ್ನೊಂದು ಸಲ ಅಳಿಸೋಕೆ ಕೂತೆ. ಅಂಕಿ ಅಳಿಸೋಕೆ ನನಗೆ ಕೈ ಬರಲ್ಲ. ಮನುಷ್ಯರ ಮೇಲೆ ಸುಳ್ಳು ಬರೆಯೋಕೆ ಬರುತ್ತೆ, ಅಂಕಿ ಅಳಿಸೋಕೆ ಬರಲ್ಲ. ಎಂಥಾ ಪ್ರಾಣಿ ನಾನು!

ಇದನ್ನ ಟೇಪುಗೆ ಕೊಡ್ತೀನಿ. ಆ ತಗಡನ್ನೂ ಕೊಡಿ, ಒರೆಸದೆ ಹಾಗೇ ಒಯ್ತೀನಿ. ಹೇಳಿಕೆ… ಹರಿದೆ, ನೋಡಿ. ಎರಡು. ನಾಲ್ಕು. ಅವರು ಮೊದಲು ಕೇಳೋದು ಅಂಕಿಯನ್ನ. ಅವರಿಗಿಂತ ಮೊದಲು ನಿಮಗೆ ಹೇಳಬೇಕು.

ನಾನು "ಹಾಕಿದೆ" ಅಂದಾಗಿನಿಂದ ಲೇಸರ್ ನಿಲ್ಲಿಸೋವರೆಗೆ ಮೂವತ್ತೆಂಟು ಸೆಕೆಂಡು. ನಮ್ಮ ಲೇಸರ್ ಸೆಕೆಂಡಿಗೆ ಹತ್ತು ಸಲ ಹೊಡೆಯುತ್ತೆ. ಮೇಜಿನ ತುದಿಯ ಮೀಟರ್ ಒಂದೊಂದು ಹೊಡೆತವನ್ನೂ ಎಣಿಸುತ್ತೆ. ತಗಡು ಇದ್ದಿದ್ದರೆ ಎಣಿಕೆ ಸೊನ್ನೆ. ತಗಡೂ ಇಲ್ಲ, ಯಾರೂ ಅಡ್ಡ ಬರಲಿಲ್ಲ ಅಂದರೆ ಮುನ್ನೂರ ಎಂಬತ್ತು. ಮೂವತ್ತಮೂರನೇ ಸೆಕೆಂಡಿನಲ್ಲಿ ನೀವು ಹರಳನ್ನ ದೀಪಕ್ಕೆ ಹಿಡಿಯೋಕೆ ಎತ್ತಿದಿರಿ, ಚಿಮಟದ ಹೊಳೆಯೋ ತುದಿ ಕನ್ನಡಿಯ ಹಾಗೆ ದಾರಿಗೆ ಅಡ್ಡ ಹಾದುಹೋಯ್ತು. ಆ ಸೆಕೆಂಡಿನಲ್ಲಿ ಒಂಬತ್ತೇ ಇವೆ. ಒಂದು ಮೀಟರಿಗೆ ಬರಲಿಲ್ಲ.

ಒಟ್ಟು ಮುನ್ನೂರ ಎಪ್ಪತ್ತೊಂಬತ್ತು.